ಕರೆತಂದವರ ಹೊಣೆ

ಮನೆಗೆ ಹೊಸದಾಗಿ ಬಂದವರಿಗೆ ನಾವು ಹೇಳುವ ಮೊದಲ ಬುದ್ಧಿಮಾತು, ‘ಹೊಂದಿಕೊಂಡು ಹೋಗಬೇಕು.’ ಸೊಸೆಗೆ ಹೇಳುತ್ತೇವೆ. ಹಳ್ಳಿಯ ಮನೆಗೆ ಬೀಗ ಹಾಕಿಸಿ ಕರೆತಂದ ವಯಸ್ಸಾದ ಅತ್ತೆಗೂ ಹೇಳುತ್ತೇವೆ. ಹೊಂದಿಕೊಳ್ಳಬೇಕಾದವರು ಬಂದವರೋ, ಕರೆತಂದವರೋ? ನನ್ನನ್ನು ಈ ಯೋಚನೆಗೆ ಹಚ್ಚಿದ್ದು ಕಿಟಕಿಯಲ್ಲಿರುವ ಆಫ್ರಿಕನ್ ವಯೊಲೆಟ್ ಗಿಡ.

ಮಖಮಲ್ಲಿನಂಥ ಎಲೆ, ನಡುವೆ ನೇರಳೆ ಹೂಗಳ ಪುಟ್ಟ ಗೊಂಚಲು. ಅದರ ತವರು ಇಂದಿನ ಟಾಂಜಾನಿಯಾದ ಉಸಾಂಬರಾ ಬೆಟ್ಟಗಳು. ಆ ನಾಡು ಜರ್ಮನರ ಆಳ್ವಿಕೆಯಲ್ಲಿದ್ದಾಗ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬ ಅಧಿಕಾರಿ ಅದನ್ನು ಜರ್ಮನಿಯಲ್ಲಿದ್ದ ತಮ್ಮ ತಂದೆಗೆ ಕಳಿಸಿಕೊಟ್ಟರು. 1893ರಲ್ಲಿ ಸಸ್ಯವಿಜ್ಞಾನಿ ಹರ್ಮನ್ ವೆಂಡ್‌ಲಾಂಡ್ ಅದಕ್ಕೆ ‘ಸೇಂಟ್‌ಪಾಲಿಯಾ’ ಎಂದು ಹೆಸರಿಟ್ಟರು. ಕರೆತಂದವರ ಹೆಸರೇ ಅದರ ಹೆಸರಾಯಿತು. ಮದುವೆಯಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುವ ಮನೆಗಳನ್ನು ಕಂಡ ನಮಗೆ ಇದೇನು ಹೊಸದಲ್ಲ.

ಈ ಗಿಡದ ಬೇಡಿಕೆಗಳು ಮೊದಲಿಗೆ ಬರೀ ಹಟ ಅನ್ನಿಸುತ್ತವೆ. ಬೆಳಕು ಬೇಕು, ಉರಿಬಿಸಿಲು ಕೂಡದು. ಗಾಳಿಯಲ್ಲಿ ತೇವ ಬೇಕು, ಬೇರಿನಲ್ಲಿ ನೀರು ನಿಲ್ಲಕೂಡದು. ಎಲೆಯ ಮೇಲೆ ತಣ್ಣೀರು ಬಿದ್ದರೆ ಕಲೆ. ಕುಂಡ ಅಗಲವಾದರೆ ಹೂ ಬಿಡಲು ಸತಾಯಿಸುತ್ತದೆ. ಆದರೆ ಅದು ಕಾಡುಮರಗಳ ನೆರಳಿನಲ್ಲಿ, ಬಂಡೆಯ ಸಂದಿಯ ಹಿಡಿಮಣ್ಣಿನಲ್ಲಿ ಬೆಳೆದ ಕುಲ. ಅಲ್ಲಿ ಗಾಳಿ ತಂಪು; ಬಿದ್ದ ನೀರು ನಿಲ್ಲದೆ ಹರಿದುಹೋಗುತ್ತದೆ. ನಾವು ಹಟವೆಂದದ್ದು ಹುಟ್ಟೂರಿನ ನೆನಪು.

ಹಾಗಾಗಿ ಅದಕ್ಕೆ ಪೂರ್ವದ ಕಿಟಕಿ, ತೆಳುವಾದ ಪರದೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತಾಕಿದಾಗ ಮಾತ್ರ ಕುಂಡದ ಕೆಳಗಿನ ತಟ್ಟೆಗೆ ನೀರು. ಅರ್ಧ ಗಂಟೆಯಲ್ಲಿ ಹೀರಿ ಉಳಿದದ್ದನ್ನು ಚೆಲ್ಲುತ್ತೇನೆ. ಕುಂಡದ ಗಿಡಗಳಿಗೆ ಬಾಯಾರಿಕೆಗಿಂತ ಅತಿ ನೀರಿನ ಅಪಾಯವೇ ಹೆಚ್ಚು. ನಮ್ಮಲ್ಲಿ ಹೇರಳವಾಗಿರುವುದನ್ನು ಸುರಿಯುವುದು ಸುಲಭ. ಎದುರಿನವರಿಗೆ ಬೇಕಾದದ್ದನ್ನು ಅರಿಯುವುದು ಕಷ್ಟ. ನಮ್ಮ ಅತ್ತೆಯವರಿಗೂ ಬೇಕಾಗಿದ್ದದ್ದು ಫ್ಯಾನಿನ ಕೋಣೆಯಲ್ಲ. ಸಂಜೆ ಹೋಗಿಬರುವವರನ್ನು ಮಾತಾಡಿಸಲು ಬೀದಿಬಾಗಿಲಲ್ಲೊಂದು ಕುರ್ಚಿ.

ಬಂದವರೂ ಒಂದಿಷ್ಟು ಬಗ್ಗಬೇಡವೇ ಎಂದು ನೀವು ಕೇಳಬಹುದು. ಗಿಡ ಬಗ್ಗಿದೆ, ಕಾಡು ಬಿಟ್ಟು ಕಿಟಕಿಯಲ್ಲಿ ಹೂ ಬಿಡುತ್ತಿದೆ. ಆದರೆ ಬಗ್ಗುವುದಕ್ಕೂ ಮಿತಿಯುಂಟು. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ನಮ್ಮ ಮೈಸೂರಿನಲ್ಲಿ ಹೇಗೋ ನಡೆಯುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಅದನ್ನು ಒಡ್ಡಿ ‘ಹೊಂದಿಕೋ’ ಎಂದರೆ ಅದು ಕ್ರೌರ್ಯ. ಅಂಥಲ್ಲಿ ತರುವ ಆಸೆಯನ್ನೇ ಬಿಡುವುದು ದೊಡ್ಡ ಪ್ರೀತಿ.

ಒಂದು ಎಲೆ ನೆಟ್ಟರೆ ಹೊಸ ಗಿಡ ಚಿಗುರುತ್ತದೆ, ನೆರೆಯವರಿಗೂ ಹಂಚಬಹುದು. ಹೀಗೆ ದೇಶದೇಶಗಳ ಕಿಟಕಿಗಳಲ್ಲಿ ಅದು ತುಂಬಿಕೊಂಡಿದೆ. ಅತ್ತ ತವರಿನ ಕಾಡು ಬೇಸಾಯಕ್ಕೂ ಮರಮುಟ್ಟಿಗೂ ಕರಗುತ್ತ, ಅದರ ಕಾಡು ಜಾತಿಗಳಲ್ಲಿ ಹಲವು ಅಳಿವಿನ ಅಂಚಿಗೆ ಬಂದಿವೆ. ನಾವು ಕೊಟ್ಟ ಆಸರೆ ಎಷ್ಟೇ ಚೆನ್ನಾಗಿರಲಿ, ಕಳೆದುಹೋದ ಊರಿಗೆ ಅದು ಬದಲಿಯಾಗದು. ಕರೆತಂದವರು ಕಡೆಯಪಕ್ಷ ಆ ಊರನ್ನು ಮರೆಯದಿರಬೇಕು. ‘ಹೊಂದಿಕೋ’ ಎನ್ನುವ ಮೊದಲು ‘ನಿಮ್ಮೂರಲ್ಲಿ ಹೇಗಿತ್ತು?’ ಎಂದು ಕೇಳಬೇಕು.