ಬಂದು ನೋಡಬೇಕೆಂಬ ಕರೆ

(ವಾಕ್ಯಭಾಗ: ಯೋಹಾನನ ಸುವಾರ್ತೆ 1ನೇ ಅಧ್ಯಾಯ, 35ರಿಂದ 51ನೇ ವಚನಗಳು)



ಮೇಲೆ ಸೂಚಿಸಿದ ಭಾಗವನ್ನು ಮನೆಯವರೆಲ್ಲರೂ ಕೂಡಿ ಮೊದಲು ಒಮ್ಮೆ ಓದಿಕೊಳ್ಳಿರಿ. ಓದಲು ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ಅಲ್ಲಿ ಕುರುಡನು ಕಣ್ಣು ಪಡೆಯುವುದಿಲ್ಲ, ಸತ್ತವನು ಏಳುವುದಿಲ್ಲ. ಒಬ್ಬನು ಮತ್ತೊಬ್ಬನನ್ನು ಕರ್ತನ ಬಳಿಗೆ ಕರೆದುಕೊಂಡು ಬರುತ್ತಾನೆ, ಅಷ್ಟೇ. ಆದರೂ ಕರ್ತನ ಶಿಷ್ಯಮಂಡಲಿಯು ಆರಂಭವಾದದ್ದು ಹೀಗೆಯೇ. ಅಂದ್ರೆಯನು ತನ್ನ ಅಣ್ಣತಮ್ಮಂದಿರೊಳಗಿನ ಸೀಮೋನನನ್ನು ಹುಡುಕಿದನು. ಫಿಲಿಪ್ಪನು ತನ್ನ ಗೆಳೆಯನಾದ ನತಾನಯೇಲನನ್ನು ಹುಡುಕಿದನು.

ಈ ಮಾತು ನಮಗೆ ಈಗ ವಿಶೇಷವಾಗಿ ಬೇಕಾಗಿದೆ. ಯಾಕಂದರೆ ನಮ್ಮ ಹೊಲಗಳ ಬದಿಗೇ ಹೊಸ ಜನಸಮೂಹವು ಬಂದು ನೆಲೆಸಿದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ಭೂಮಿಯಲ್ಲಿ 1970ರ ದಶಕದ ಕೊನೆಗೆ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯು ಮೊದಲಾಯಿತು. ಅದೇ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವೂ ಎದ್ದಿತು. 2023ರಲ್ಲಿ ಮೆಟ್ರೋ ರೈಲು ವೈಟ್‌ಫೀಲ್ಡ್‌ವರೆಗೆ ಬಂದಿತು. ನಮ್ಮ ಸಭೆಗಳ ಹೆಣ್ಣುಮಕ್ಕಳು ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಗಂಡುಮಕ್ಕಳು ಗೇಟು ಕಾಯುತ್ತಾರೆ, ಲೇತ್ ಯಂತ್ರ ನಡಿಸುತ್ತಾರೆ. ಅವರ ಪಕ್ಕದಲ್ಲಿ ನಿಂತು ದುಡಿಯುವವರು ರಾಯಚೂರು, ಕಲಬುರಗಿ ಕಡೆಯವರು. ಬಿಹಾರ, ಒಡಿಶಾ ಪ್ರಾಂತ್ಯಗಳವರು. ಇವರಿಗೆ ನಮ್ಮ ಕರ್ತನನ್ನು ತೋರಿಸುವವರು ಯಾರು?

ಮೊದಲನೆಯದಾಗಿ, ಕಟ್ಟಡವು ತಾನಾಗಿಯೇ ಯಾರನ್ನೂ ಕರೆಯಲಾರದು. 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರವರು ದಯಪಾಲಿಸಿದ ಭೂಮಿಯಲ್ಲಿ ವೈಟ್‌ಫೀಲ್ಡ್ ಎಂಬ ಊರು ಯುರೇಷಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಎಂದು ಏರ್ಪಟ್ಟಿತು. ಅಲ್ಲಿಯ ಹಳೇ ದೇವಾಲಯವು 1886ರ ಕಾಲದ್ದು. ಗಂಟೆಯ ಸದ್ದು ಬೇಲಿಯನ್ನು ದಾಟಿ ಹೋಗುತ್ತದೆ. ಆದರೆ ಬೇಲಿಯಾಚೆಯ ಒಕ್ಕಲಿಗನಿಗೆ, ಆ ಸದ್ದು ನಿನಗೂ ಸೇರಿದ್ದೆಂದು ಹೇಳಲು ಒಬ್ಬ ಮನುಷ್ಯನು ನಡೆದುಹೋಗಬೇಕು. ಇದಕ್ಕೆ ಪ್ರತಿಯಾಗಿ ಬಳ್ಳಾರಿಯ ಸಂಗತಿಯನ್ನು ನೆನಸಿರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಅಲ್ಲಿಗೆ ಬಂದು, ಕನ್ನಡವನ್ನು ಅಕ್ಷರದಿಂದ ಕಲಿತು, ಜೊತೆಯವರ ಸಹಾಯದಿಂದ ದುಡಿದರು. 1831ರ ಹೊತ್ತಿಗೆ ಸತ್ಯವೇದವು ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚಾಯಿತು. ಇಪ್ಪತ್ತೊಂದು ವರುಷಗಳು! ಕರೆಯುವವನು ಕರೆಯಿಸಿಕೊಳ್ಳುವವನ ಮಾತನ್ನು ಮೊದಲು ಕಲಿತನು. ಹೀಗಿರಲಾಗಿ, ಒಂದೇ ವಠಾರದಲ್ಲಿರುವ ಒಡಿಶಾದ ಹುಡುಗನ ಹೆಸರನ್ನಾದರೂ ನಾವು ಕೇಳಿ ತಿಳಿದಿದ್ದೇವೋ?

ಎರಡನೆಯದಾಗಿ, ಕರ್ತನು ತನ್ನನ್ನು ಹಿಂಬಾಲಿಸಿ ಬಂದ ಇಬ್ಬರ ಕಡೆಗೆ ತಿರುಗಿ, ಅವರು ಏನನ್ನು ಹುಡುಕುತ್ತಿದ್ದಾರೆಂದು ವಿಚಾರಿಸಿದನು. ಉಪದೇಶಕ್ಕೆ ಮೊದಲು ಪ್ರಶ್ನೆ. ಪ್ರಶ್ನೆಯ ಬಳಿಕ ಮೌನವಾಗಿ ಕೇಳುವ ಕಿವಿ. ನಾವಾದರೋ ನೆರೆಯವನು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ಮುಗಿಸುತ್ತೇವೆ. ಹನ್ನೆರಡು ತಾಸು ಗೇಟಿನಲ್ಲಿ ನಿಂತು ಬಂದವನಿಗೆ ಬೇಕಾದದ್ದು ಕರಪತ್ರವೋ, ಒಂದು ಚೊಂಬು ನೀರೋ, ತನ್ನ ತಾಯಿಯ ಕಾಯಿಲೆಯನ್ನು ಹೇಳಿಕೊಳ್ಳಲು ಒಬ್ಬ ಮನುಷ್ಯನೋ? ಕೇಳದೆ ತಿಳಿಯಲಾರದು.

ಮೂರನೆಯದಾಗಿ, ಕರೆಗೆ ಬೆಲೆಯನ್ನು ಕಟ್ಟಬಾರದು. ಇಲ್ಲಿ ನಮ್ಮ ತಪ್ಪೊಂದನ್ನು ಸಭೆಯ ಮುಂದೆ ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ಪೀಣ್ಯದಲ್ಲಿ ಎರಕದ ಕೆಲಸ ಮಾಡುತ್ತಿದ್ದ ರಾಯಚೂರು ಕಡೆಯ ಒಬ್ಬ ತಂದೆಯು ತನ್ನ ಮಗಳಿಗೆ ಹಾಸ್ಟೆಲಿನಲ್ಲಿ ಜಾಗ ಬೇಕೆಂದು ನಮ್ಮನ್ನು ಬೇಡಿಕೊಂಡನು. ಶಿಫಾರಸು ಮಾಡುತ್ತೇವೆ ಎಂದೆವು. ಅದೇ ಉಸಿರಿನಲ್ಲಿ, ಆದಿತ್ಯವಾರ ಆರಾಧನೆಗೆ ಬಾ ಎಂದೂ ಹೇಳಿದೆವು. ಅವನು ನಾಲ್ಕು ಆದಿತ್ಯವಾರ ಬಂದು ಹಿಂದಿನ ಗೋಡೆಗೆ ಒರಗಿ ಕುಳಿತನು. ಮಗಳಿಗೆ ಜಾಗವು ಸಿಕ್ಕಿತು. ಆ ದಿನ ಕೈಮುಗಿದು, “ಅಯ್ಯನೋರ, ನಂದು ಬಾಕಿ ತೀರಿತಲ್ರೀ?” ಎಂದು ಕೇಳಿ ಹೊರಟುಹೋದನು. ಮತ್ತೆ ಬರಲಿಲ್ಲ. ಉಚಿತವಾದ ಕೃಪೆಯನ್ನು ನಾವು ಸಾಲವಾಗಿ ಮಾಡಿದ್ದೆವು. ಆ ಪ್ರಾಮಾಣಿಕನು ಅದನ್ನು ತೀರಿಸಿದನು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವನ ಮಗಳಿಗೆ ಮಾಡಿದ ಸಹಾಯವು ಒಳ್ಳೆಯದೇ. ಅದರ ಕೊರಳಿಗೆ ಹಗ್ಗ ಕಟ್ಟಿದ್ದು ಪಾಪ.

ನಮ್ಮ ದೇಶದ ಕಾನೂನು ಸಹ ಇಲ್ಲಿ ನಮಗೆ ಪಾಠವಾಗಿದೆ. ಸಂವಿಧಾನದ 25ನೇ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ತನ್ನ ಧರ್ಮವನ್ನು ಆಚರಿಸಿ ಪ್ರಚಾರಮಾಡುವ ಹಕ್ಕನ್ನೂ ಎಲ್ಲರಿಗೆ ಕೊಟ್ಟಿದೆ. ಆದರೆ ಪ್ರಚಾರದ ಹಕ್ಕೆಂದರೆ ಮತ್ತೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪು ಕೊಟ್ಟಿತು. ಇದನ್ನು ಕೇಳಿ ಕೆಲವರು ಹೆದರುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಪ್ರಿಯರೇ, ಹೃದಯವನ್ನು ತಿರುಗಿಸುವ ಶಕ್ತಿಯು ನಮಗೆ ಎಂದು ಇತ್ತು? ಫಿಲಿಪ್ಪಿಯ ನದೀತೀರದಲ್ಲಿ ಪೌಲನು ಮಾತಾಡಿದನು. ಲುದ್ಯಳ ಹೃದಯವನ್ನು ತೆರೆದವನು ಕರ್ತನೇ. ಬಲವಂತ, ಆಮಿಷ, ಮೋಸಗಳು ಸರಕಾರಕ್ಕೆ ಅಪರಾಧವಾಗುವ ಮೊದಲೇ ಶಿಲುಬೆಯ ಮುಂದೆ ಅಪರಾಧಗಳಾಗಿವೆ. ನತಾನಯೇಲನು ನಜರೇತನ್ನು ಹಳಿದಾಗ ಫಿಲಿಪ್ಪನು ವಾದಿಸಲಿಲ್ಲ, ಅವನ ತೋಳು ಹಿಡಿದು ಎಳೆಯಲಿಲ್ಲ. ಬಂದು ಸ್ವತಃ ನೋಡಬೇಕೆಂದನು. ಬರುವುದೂ ಬಿಡುವುದೂ ಗೆಳೆಯನ ಇಷ್ಟಕ್ಕೆ ಸೇರಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಬಂದವನು ನಮ್ಮಲ್ಲಿ ಏನನ್ನು ಕಾಣುವನು? ಒಂದೇ ರೊಟ್ಟಿ, ಒಂದೇ ಪಾತ್ರೆ ಎಂದು ಬಾಯಲ್ಲಿ ಹೇಳಿ, ಮನೆಯ ಪಂಕ್ತಿಯಲ್ಲಿ ಜಾತಿಯನ್ನು ನೆನಸುವವರನ್ನು ಕಾಣುವನೋ? ವರದಕ್ಷಿಣೆಯ ಲೆಕ್ಕವನ್ನು ದೇವಾಲಯದ ಅಂಗಳದಲ್ಲೇ ಮಾತಾಡುವ ಹಿರಿಯರನ್ನು ಕಾಣುವನೋ? ಸಭೆಯ ಕಮಿಟಿಗಾಗಿ ಒಬ್ಬರಮೇಲೊಬ್ಬರು ದೂರು ಬರೆಯುವ ಅಣ್ಣತಮ್ಮಂದಿರನ್ನು ಕಾಣುವನೋ? ಹಾಗಾದರೆ ಅವನು ಬಾರದಿರುವುದೇ ಮೇಲು. ಅಂದ್ರೆಯನು ಆ ದಿನ ಸಾಯಂಕಾಲ ಕರ್ತನ ಸಂಗಡ ಉಳಿದುಕೊಂಡ ಮೇಲೆಯೇ ತನ್ನವನನ್ನು ಕರೆಯಲು ಹೋದನು. ಶಿಷ್ಯತ್ವವೆಂದರೆ ಹೀಗೆ ಉಳಿದುಕೊಳ್ಳುವುದು. ದೀಕ್ಷಾಸ್ನಾನವು ಬಾಗಿಲು, ಬಾಗಿಲಲ್ಲಿಯೇ ನಿಂತವನು ಮನೆಯವನಾಗನು. ಹೊಸಬನನ್ನು ಕರೆಯುವ ಮುಂಚೆ, ನಾವೇ ಕರ್ತನ ಬಳಿಯಲ್ಲಿ ಎಷ್ಟು ಹೊತ್ತು ಉಳಿದಿದ್ದೇವೆಂದು ನೋಡಿಕೊಳ್ಳತಕ್ಕದ್ದು.

ಆದಕಾರಣ ಈ ತಿಂಗಳು ಪ್ರತಿಯೊಂದು ಮನೆಯವರೂ ಮೂರು ಸಣ್ಣ ಕೆಲಸಗಳನ್ನು ಮಾಡಬೇಕೆಂದು ಬೇಡಿಕೊಳ್ಳುತ್ತೇವೆ. ಜೊತೆಯಲ್ಲಿ ದುಡಿಯುವ ಒಬ್ಬರ ಹೆಸರನ್ನೂ ಊರನ್ನೂ ಕಷ್ಟವನ್ನೂ ಕೇಳಿ ತಿಳಿದು, ಅವರಿಗಾಗಿ ದಿನವೂ ಪ್ರಾರ್ಥಿಸಿರಿ. ಏನನ್ನೂ ಬಯಸದೆ ಅವರನ್ನು ಒಂದು ಊಟಕ್ಕೆ ಕರೆಯಿರಿ. ನಿಮ್ಮ ನಂಬಿಕೆಯ ಕಾರಣವನ್ನು ಅವರೇ ಕೇಳಿದರೆ, ಕರ್ತನು ನಿಮಗೆ ಮಾಡಿದ್ದನ್ನು ಇದ್ದ ಹಾಗೆ ಹೇಳಿರಿ, ಕೂಡಿಸಬೇಡಿರಿ, ಮುಚ್ಚಿಡಬೇಡಿರಿ. ಆದಿತ್ಯವಾರವೂ ಪಾಳಿಯುಳ್ಳವರಿದ್ದಾರೆ, ಅವರಿಗೆ ಅನುಕೂಲವಾದ ಸಾಯಂಕಾಲವನ್ನು ಸಭೆಯವರು ಕಂಡುಕೊಳ್ಳಲಿ.

ಸಮಾರ್ಯದ ಆ ಹೆಂಗಸಿನ ಮಾತು ಕೇಳಿ ಊರವರು ಬಾವಿಯ ಬಳಿಗೆ ಬಂದರು. ಬಂದ ಮೇಲೆ ಅವಳ ಮಾತಿನ ಆಸರೆ ಅವರಿಗೆ ಬೇಕಾಗಲಿಲ್ಲ, ತಾವೇ ಕೇಳಿ ತಿಳಿದುಕೊಂಡರು. ನಮ್ಮ ಕೆಲಸವೂ ಬಾವಿಯ ದಾರಿ ತೋರಿಸುವ ತನಕ ಮಾತ್ರ. ಆ ಎರಕದ ಕೆಲಸದ ತಂದೆಯು ಎಲ್ಲಿದ್ದಾನೋ ನಾವು ಅರಿಯೆವು. ಅವನ ಬಾಕಿ ಏನೂ ಇರಲಿಲ್ಲವೆಂದು ಅವನಿಗೆ ಹೇಳಬೇಕೆಂಬ ಆಶೆಯು ಇನ್ನೂ ನಮ್ಮಲ್ಲಿದೆ. ಬಾಕಿಯು ನಮ್ಮದು. ಅದನ್ನು ಅವನಂಥ ಬೇರೊಬ್ಬನಿಗೆ ತೀರಿಸುವಂತೆ ಕರ್ತನು ನಮಗೂ ನಿಮಗೂ ಕೃಪೆಕೊಡಲಿ. ಆಮೆನ್.