ಗಿಳಿಹಸಿರು ಶಟರ್

ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಮೇನ್ ರೋಡಿಗೆ ಮುಖ ಮಾಡಿ ನಾಲ್ಕು ಅಂಗಡಿಗಳಿವೆ. ಅದರಲ್ಲಿ ಒಂದು ಕಾಂಡಿಮೆಂಟ್ಸ್. ಟೀ, ಬನ್ನು, ಬಾಳೆಹಣ್ಣು, ಸಿಗರೇಟು, ಮಧ್ಯಾಹ್ನಕ್ಕೆ ಪುಳಿಯೋಗರೆ. ಓನರ್ ಕುಂದಾಪುರದ ಕಡೆಯವರು. ಹೋದ ತಿಂಗಳು ಅವರು ಶಟರಿಗೆ ಗಿಳಿಹಸಿರು, ಎರಡೂ ಪಕ್ಕದ ಕಂಬಗಳಿಗೆ ಅರಿಶಿನ ಹಳದಿ ಬಳಿಸಿ, ಮೇಲೆ ದಪ್ಪ ಕೆಂಪು ಅಕ್ಷರದ ಬೋರ್ಡ್ ಹಾಕಿಸಿದರು. ಅವತ್ತು ರಾತ್ರಿಯೇ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು. ಕೆಳಗೆ ಒಂದೇ ಸಾಲು: "ಇದು ನಮ್ಮ ಬಿಲ್ಡಿಂಗಾ?"

ಆಮೇಲೆ ಶುರುವಾಯಿತು ನೋಡಿ. ಪ್ರೀಮಿಯಂ ಫೀಲ್ ಹೋಯ್ತು, ರೀಸೇಲ್ ವ್ಯಾಲ್ಯೂ ಬಿತ್ತು, ಬಸ್ ಸ್ಟ್ಯಾಂಡ್ ತರ ಕಾಣುತ್ತೆ. ನಾನೂ ಒಂದು ಥಂಬ್ಸ್ ಅಪ್ ಒತ್ತಿ ಮಲಗಿದೆ. ನಾನು ಕಮಿಟಿಯಲ್ಲಿದ್ದೇನೆ (ಬೇರೆ ಯಾರೂ ನಿಲ್ಲಲಿಲ್ಲ, ಅದಕ್ಕೆ). ಹಾಗಾಗಿ ಅಂಗಡಿಗಳ ಹೊರನೋಟ ಹೇಗಿರಬೇಕು ಅಂತ ಒಂದು ಪುಟದ ಗೈಡ್‌ಲೈನ್ ಬರೆಯೋ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. "ಡಾಕ್ಯುಮೆಂಟೇಶನ್ ನಿಮ್ಗೆ ಅಭ್ಯಾಸ ಇರುತ್ತಲ್ಲ ಸರ್" ಅಂದರು ಸೆಕ್ರೆಟರಿ.

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದು ಮೊದಲ ಸಾಲು ಹೊಡೆದೆ: "ಅಂಗಡಿಗಳ ಮುಂಭಾಗವು ಕಟ್ಟಡದ ಒಟ್ಟಾರೆ ಸೌಂದರ್ಯಕ್ಕೆ ಹೊಂದುವಂತಿರಬೇಕು." ಓದಿದರೆ ಚೆನ್ನಾಗಿಯೇ ಇದೆ. ಆದರೆ ಈ ಸಾಲನ್ನು ನಾನು ಮೊದಲೇ ಎಲ್ಲೋ ಓದಿದ್ದೆ. ಎಲ್ಲಿ ಅಂತ ಹೊಳೆದ ಮೇಲೆ ಎರಡನೇ ಸಾಲು ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಂಪನಿ ನನ್ನನ್ನು ಸಿಯಾಟಲ್ ಕಡೆಗೆ ಕಳಿಸಿತ್ತು. ಮನೆ ಸಿಕ್ಕಿದ್ದು ಇಸಕ್ವಾ ಅನ್ನೋ ಪುಟ್ಟ ಊರಿನಲ್ಲಿ. ಸುತ್ತ ಬೆಟ್ಟ, ಪಕ್ಕದಲ್ಲಿ ಐ-90 ಹೈವೇ. ಊರಿನ ಮುಖ್ಯ ರಸ್ತೆ ಗಿಲ್ಮನ್ ಬುಲೆವಾರ್ಡ್. ಸಂಜೆ ಅಲ್ಲಿ ನಡೆಯುವಾಗ ಒಂದು ಬೋರ್ಡೂ ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಬೂದು, ಕಂದು, ಮಾಸಲು ಬಿಳಿ. ಎಷ್ಟು ನೀಟು ಅಂತ ಖುಷಿಪಟ್ಟು ಊರಿಗೆ ಫೋಟೋ ಕಳಿಸಿದೆ. ತಿಪಟೂರು ಹತ್ತಿರದ ನಮ್ಮ ಹಳ್ಳಿಯಲ್ಲಿ ಮೂವತ್ತು ವರ್ಷ ಚಿಲ್ಲರೆ ಅಂಗಡಿ ನಡೆಸಿದ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಎಲ್ಲಾ ಅಂಗ್ಡಿನೂ ಒಂದೇ ತರ ಇದ್ರೆ ಗಿರಾಕಿಗೆ ಗುರ್ತು ಹೆಂಗ್ ಸಿಗ್ತದ್ಲಾ?" ನಾನು ನಕ್ಕು ಸುಮ್ಮನಾದೆ.

ಆ ನೀಟುತನ ತಾನಾಗಿ ಬಂದದ್ದಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಅಂಗಡಿ ಕಟ್ಟಬೇಕಾದರೆ ಅಡಿಪಾಯ, ಕರೆಂಟು, ಪಾರ್ಕಿಂಗ್ ಸರಿ ಇದ್ದರೆ ಸಾಲದು. ಊರಿನವರೇ ಕೆಲವರು ಕೂತ ಒಂದು ಮಂಡಳಿ ನಕ್ಷೆ ನೋಡಿ, ಗೋಡೆಯ ಬಣ್ಣ, ಛಾವಣಿ, ಕಿಟಕಿ, ಬೋರ್ಡು ಎಲ್ಲಕ್ಕೂ ಹೂಂ ಅನ್ನಬೇಕು. ಅರಿಝೋನಾದ ಸೆಡೋನಾದಲ್ಲಿ ಕೆಂಪು ಬಂಡೆಗಳ ಎದುರು ಹಳದಿ ಒಪ್ಪುವುದಿಲ್ಲ ಅಂತ ಪಟ್ಟು ಹಿಡಿದಿದ್ದಕ್ಕೆ 1993ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಕಮಾನುಗಳನ್ನು ಹಸಿರು ಬೆರೆತ ನೀಲಿಗೆ ಬದಲಿಸಿಕೊಂಡಿತು. ಅಷ್ಟು ದೊಡ್ಡ ಕಂಪನಿ ಒಂದು ಸಣ್ಣ ಊರಿನ ಮುಂದೆ ಬಗ್ಗಿತಲ್ಲ ಅಂತ ನನಗೆ ಇವತ್ತಿಗೂ ಆ ಕಥೆ ಇಷ್ಟ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ 1925ರ ಭೂಕಂಪದಲ್ಲಿ ಕುಸಿದಾಗ, ಮತ್ತೆ ಕಟ್ಟುವ ಹೊತ್ತಿಗೆ ಇಂಥದೇ ಮಂಡಳಿಯೊಂದು ಕೂತಿತು. ಬಿಳಿ ಗಾರೆ ಗೋಡೆ, ಕೆಂಪು ಹೆಂಚಿನ ಆ ಪೇಟೆಯನ್ನು ನೋಡಲು ಜನ ಇವತ್ತು ದುಡ್ಡು ಕೊಟ್ಟು ಹೋಗುತ್ತಾರೆ.

ಇನ್ನು ಇಸಕ್ವಾ. ಅಲ್ಲಿನ ಕಥೆ ಹೇಳಿದ್ದು ಆಫೀಸಿನ ಸಹೋದ್ಯೋಗಿಯೊಬ್ಬ. ಆಮೇಲೆ ಕುತೂಹಲಕ್ಕೆ ಕೋರ್ಟಿನ ತೀರ್ಪನ್ನೇ ಹುಡುಕಿ ಓದಿದೆ. ಆ್ಯಂಡರ್ಸನ್ ಅನ್ನುವವರು ಗಿಲ್ಮನ್ ಬುಲೆವಾರ್ಡಿನಲ್ಲಿ 6,800 ಚದರಡಿಯ ಒಂದು ಕಟ್ಟಡ ಕಟ್ಟಿ ಅಂಗಡಿಗಳಿಗೆ ಬಾಡಿಗೆ ಕೊಡಬೇಕು ಅಂತ ಹೊರಟರು. ಬಿಳಿಚು ಗೋಡೆ, ನೀಲಿ ಲೋಹದ ಛಾವಣಿ. ಮಂಡಳಿಯ ಸದಸ್ಯರೊಬ್ಬರು ಇದು ಊರಿನ ಇಮೇಜಿಗೆ ಹೊಂದಲ್ಲ ಅಂದರು. ಇನ್ನೊಬ್ಬರಿಗೆ ಮುಂಭಾಗದಲ್ಲಿ ಇನ್ನಷ್ಟು ಆಳ ಬೇಕಿತ್ತು. ಮತ್ತೊಬ್ಬರಿಗೆ ಹಿಂದಿನ ಗೋಡೆ ತಕರಾರು. ಆ್ಯಂಡರ್ಸನ್ ಬಣ್ಣ ಬದಲಿಸಿದರು, ಛಾವಣಿ ಬದಲಿಸಿದರು, ಮತ್ತೆ ಬಂದರು. ಮತ್ತೆ ಸಾಲದು. ಸದಸ್ಯರೊಬ್ಬರು ತಾವೇ ಕಾರಿನಲ್ಲಿ ಆ ರಸ್ತೆಯ ಉದ್ದಕ್ಕೂ ಓಡಾಡಿ ನೋಟ್ಸ್ ಮಾಡಿಕೊಂಡು ಬಂದಿದ್ದರಂತೆ. ಆ ರಸ್ತೆಯಲ್ಲಿ ಹೋಗುವಾಗ ಏನೋ ಒಂದು ಫೀಲಿಂಗ್ ಬರುತ್ತೆ, ಈ ಕಟ್ಟಡದಲ್ಲಿ ಅದು ಬರ್ತಿಲ್ಲ ಅನ್ನೋದು ಅವರ ವಾದ. ಅದೇ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ಇತ್ತು, ಗ್ಯಾರೇಜ್ ಇತ್ತು, ತಂತಿ ಬೇಲಿ ಹಾಕಿ ನಾಯಿ ಓಡಾಡಿಸುವ ಪಶುವೈದ್ಯರ ಕ್ಲಿನಿಕ್ಕೂ ಇತ್ತು. ಆ ಫೀಲಿಂಗು ಯಾವುದರಿಂದ ಬರುತ್ತಿತ್ತೋ! ಕೊನೆಗೆ ಅರ್ಜಿಯನ್ನೇ ತಿರಸ್ಕರಿಸಿದರು. ಅಷ್ಟರಲ್ಲಿ ಅವರು ಸುಮಾರು 2,50,000 ಡಾಲರ್ ಸುರಿದಿದ್ದರು.

1993ರಲ್ಲಿ ವಾಷಿಂಗ್ಟನ್ ರಾಜ್ಯದ ಮೇಲ್ಮನವಿ ಕೋರ್ಟು ಆ್ಯಂಡರ್ಸನ್ ಪರ ತೀರ್ಪು ಕೊಟ್ಟಿತು. ಊರಿಗೆ ತನ್ನ ರಸ್ತೆ ಚೆಂದ ಇರಲಿ ಅಂತ ಬಯಸುವ ಹಕ್ಕೇ ಇಲ್ಲ ಅಂತ ಕೋರ್ಟು ಹೇಳಲಿಲ್ಲ, ಇದು ಮುಖ್ಯ. 'ಸಾಮರಸ್ಯ', 'ಹೊಂದಾಣಿಕೆ', 'ಆಸಕ್ತಿಕರ' ಅನ್ನುವಂಥ ಪದಗಳನ್ನು ಓದಿಕೊಂಡು ಒಬ್ಬ ಮನುಷ್ಯ ತಾನು ಏನು ಮಾಡಬೇಕು ಅಂತ ತಿಳಿದುಕೊಳ್ಳೋಕೆ ಆಗೋದಿಲ್ಲ. ಕೂತವರ ಮನಸ್ಸಿನಲ್ಲಿರುವುದನ್ನು ಊಹಿಸೋ ಕೆಲಸ ಅವನದಾಗಬಾರದು ಅಂತ.

ನನ್ನ ಮೊದಲ ಸಾಲಿನಲ್ಲಿ 'ಹೊಂದುವಂತಿರಬೇಕು' ಅಂತಲೇ ಇತ್ತು.

ನಮ್ಮ ಕೆಲಸದವರಿಗೆ ಇದು ಬೇಗ ಅರ್ಥವಾಗಬೇಕು. ಕೋಡ್ ರಿವ್ಯೂನಲ್ಲಿ "ವೇರಿಯಬಲ್ ಹೆಸರು ತಪ್ಪು, ಲೈನ್ 42 ನೋಡು" ಅಂದರೆ ಬೇಜಾರಾದರೂ ಹತ್ತು ನಿಮಿಷದಲ್ಲಿ ಸರಿ ಮಾಡ್ತೀವಿ. "ಯಾಕೋ ಕ್ಲೀನ್ ಅನ್ನಿಸ್ತಿಲ್ಲ" ಅಂತ ಬರೆದು ಅಪ್ರೂವಲ್ ಹಿಡಿದಿಟ್ಟುಕೊಂಡ ಸೀನಿಯರ್ ಒಬ್ಬರಿಂದ ನಾನು ಒಂದು ಇಡೀ ಸ್ಪ್ರಿಂಟ್ ಕಳೆದುಕೊಂಡಿದ್ದೇನೆ. ಅವತ್ತು ನಾನು ಕಲಿತದ್ದು ಒಳ್ಳೆ ಕೋಡ್ ಬರೆಯೋದನ್ನಲ್ಲ, ಅವರ ಮೂಡ್ ನೋಡಿ ಪಿಂಗ್ ಮಾಡೋದನ್ನ.

ಹಾಗಂತ ನನ್ನ ಅಂಗಡಿ ನನ್ನಿಷ್ಟ ಅನ್ನೋ ವಾದವೂ ನನಗೆ ಒಪ್ಪಿಗೆಯಿಲ್ಲ. ಗೋಡೆಯ ಒಳಮುಖ ಓನರ್‌ದು, ಹೊರಮುಖವನ್ನು ದಿನಾ ನೋಡೋರು ನಾವು. ನಮ್ಮೂರಲ್ಲೂ ಇದಕ್ಕೆ ಕಟ್ಟಳೆ ಇತ್ತು. ತೇರುಬೀದಿಯಲ್ಲಿ ಯಾರೂ ಸಜ್ಜಾ ಮುಂದಕ್ಕೆ ಚಾಚುವ ಹಾಗಿಲ್ಲ, ಜಗಲಿ ಬೀದಿಗೆ ಎಳೆಯುವ ಹಾಗಿಲ್ಲ. ಯಾಕೆ ಅಂತ ಐದು ವರ್ಷದ ಮಗುವನ್ನು ಕೇಳಿದರೂ ಹೇಳುತ್ತೆ: ತೇರು ಹೋಗಬೇಕಲ್ಲ. ಎಷ್ಟು ಅಂತಲೂ ಗೊತ್ತು. ಹೋದ ವರ್ಷ ತೇರಿಗೆ ತಾಗಿದ್ದರೆ ಈ ವರ್ಷ ಒಡೆಯಬೇಕು, ಅದು ಗೌಡರ ಮನೆಯೇ ಆಗಲಿ. ಬೆಂಗಳೂರಿನ ಬೋರ್ಡಿನ ನಿಯಮವೂ ಈ ಜಾತಿಯದೇ. 2024ರ ತಿದ್ದುಪಡಿಯಂತೆ ನಾಮಫಲಕದ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಷ್ಟ ಇರಲಿ ಇಲ್ಲದಿರಲಿ, ಟೇಪ್ ಹಿಡಿದು ಅಳೆದು ನೋಡಿಕೊಳ್ಳಬಹುದು. ನಮ್ಮ ಕಾಂಡಿಮೆಂಟ್ಸ್ ಬೋರ್ಡು ಪೂರ್ತಿ ಕನ್ನಡದಲ್ಲೇ ಇದೆ ಅನ್ನೋದು ಬೇರೆ ಮಾತು.

ಮಂಡಳಿಯೇ ಬೇಡ, ಬಿಟ್ಟುಬಿಡಿ ಅಂದರೆ ಅಂಗಡಿಯವನೇನು ಸ್ವತಂತ್ರನೇ? ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ತಂಪುಪಾನೀಯದ ಕಂಪನಿಯವರು ವ್ಯಾನಿನಲ್ಲಿ ಬಂದು ಅಪ್ಪನ ಅಂಗಡಿಗೆ ಪುಕ್ಕಟೆ ಬಣ್ಣ ಬಳಿದು ಹೋದರು. ಅಡಿಯಿಂದ ಮುಡಿಯವರೆಗೆ ಕೆಂಪು, ಮೇಲೆ ಅವರ ಹೆಸರು ದೊಡ್ಡದಾಗಿ, ಮೂಲೆಯಲ್ಲಿ ನಮ್ಮದು ಚಿಕ್ಕದಾಗಿ. "ಬಣ್ಣ ಅವ್ರುದು, ಗೋಡೆ ನಮ್ದು, ಏನ್ ಹೋಯ್ತು?" ಅಂದಿದ್ದರು ಅಪ್ಪ. ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಸುತ್ತಿನ ಏಳೆಂಟು ಹಳ್ಳಿಯ ಅಂಗಡಿಗಳೆಲ್ಲ ಕೆಂಪಾಗಿದ್ದವು. ಅಲ್ಲಿ ಯಾವ ಮಂಡಳಿಯೂ ಕೂತಿರಲಿಲ್ಲ.

ಆ ಕೆಂಪಿಗೆ ಮುಂಚೆ ಅಪ್ಪನ ಅಂಗಡಿಯ ಬಾಗಿಲು ಯಾವ ಬಣ್ಣದ್ದಿತ್ತು ಅಂತ ನೆನಪಿಸಿಕೊಂಡೆ. ಗಿಳಿಹಸಿರು. ಅಪ್ಪನೇ ಯುಗಾದಿಗೆ ಮುಂಚೆ ಬ್ರಷ್ ಹಿಡಿದು ಹೊಡೆಯುತ್ತಿದ್ದದ್ದು. ಹಾಗಾದರೆ ಆ ರಾತ್ರಿ ಫೋಟೋ ನೋಡಿ ನನಗೆ ಇರುಸುಮುರುಸಾದದ್ದು ಬಣ್ಣ ಕೆಟ್ಟದಾಗಿದೆ ಅಂತಲೋ, ಅದು ಇಪ್ಪತ್ತು ವರ್ಷದ ಇಎಂಐ ಕಟ್ಟುತ್ತಿರುವ ಬಿಲ್ಡಿಂಗಿನ ಕೆಳಗೆ ಬಂದು ನಿಂತು ನನ್ನ ಗುರುತು ಹಿಡಿಯಿತು ಅಂತಲೋ? ಗ್ರೂಪಿನಲ್ಲಿ 'ಬಸ್ ಸ್ಟ್ಯಾಂಡ್ ತರ' ಅಂದವರಲ್ಲಿ ಅರ್ಧ ಜನ ನನ್ನ ಹಾಗೆಯೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದವರು.

ಆ ಸಾಲು ಅಳಿಸಿದೆ. ಅಳೆಯಲು ಆಗುವುದನ್ನಷ್ಟೇ ಬರೆದೆ. ಬೋರ್ಡಿನ ಎತ್ತರ ಮೂರು ಅಡಿ. ರಾತ್ರಿ ಹನ್ನೊಂದರ ಮೇಲೆ ಲೈಟ್ ಆಫ್, ಯಾಕಂದರೆ ಮೊದಲ ಮಹಡಿಯ ಮಲಗುವ ಕೋಣೆಗೆ ಬೆಳಕು ಹೊಡೆಯುತ್ತೆ. ಫುಟ್‌ಪಾತಿಗೆ ಏನೂ ಇಳಿಸಬಾರದು. ಬಣ್ಣದ ಬಗ್ಗೆ ಒಂದಕ್ಷರ ಇಲ್ಲ.

ಭಾನುವಾರದ ಮೀಟಿಂಗಿನಲ್ಲಿ ಮೊದಲ ಪ್ರಶ್ನೆಯೇ ಅದು. "ಬಣ್ಣ ಎಲ್ರೀ?" ಕಾಂಡಿಮೆಂಟ್ಸ್ ಓನರನ್ನೂ ಕರೆಸಿದ್ದರು. ಅವರು ಬಾಗಿಲ ಹತ್ತಿರ ನಿಂತೇ ಇದ್ದರು. ಕುರ್ಚಿ ಕೊಡಬೇಕು ಅಂತ ನನಗೂ ಹೊಳೆದದ್ದು ಕಾಲು ಗಂಟೆ ಆದಮೇಲೆ. ಕೂತುಕೊಂಡು ಜೇಬಿನಿಂದ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟರು. "ಯಾವ್ದು ಅಂತ ಬೆರಳಿಟ್ಟು ತೋರ್ಸಿಬಿಡಿ ಸರ್. ಹೊಡೆಸ್ತೇನೆ. ಮತ್ತೆ ಎರಡನೇ ಸಲ ಖರ್ಚು ಮಾಡ್ಲಿಕ್ಕೆ ಮಾತ್ರ ಆಗುದಿಲ್ಲ."

ಕಾರ್ಡು ಟೇಬಲ್ ಸುತ್ತ ಹೋಯಿತು. ನಾವು ಏಳು ಜನ. ಇಬ್ಬರು ಬೇರೆ ಬೇರೆ ಬೂದು ತೋರಿಸಿದರು, ಒಬ್ಬರು ಕಾಫಿ ಬಣ್ಣ, ಟ್ರೆಷರರ್ ಮೇಡಂ ದಂತದ ಬಣ್ಣ, ಉಳಿದವರು "ಏನೋ ಒಂದು, ಡೀಸೆಂಟಾಗಿ" ಅಂದರು. ನನ್ನ ಕೈಗೆ ಬಂದಾಗ ಹಸಿರಿನ ಪುಟ ತೆರೆದುಕೊಂಡಿತು. ಏನೂ ಹೇಳದೆ ಪಕ್ಕದವರಿಗೆ ದಾಟಿಸಿದೆ. ತೀರ್ಮಾನ ಮುಂದಿನ ತಿಂಗಳಿಗೆ ಹೋಗಿದೆ. ಓನರ್ ಕಾರ್ಡು ಅಲ್ಲೇ ಬಿಟ್ಟು ಹೋದರು, ಸಂಜೆಯ ಗಿರಾಕಿಯ ಹೊತ್ತಾಗಿತ್ತು.