ನೋಟದ ಋಣ

ಹುಟ್ಟಿದ ಊರನ್ನು ಹಣ ಕೊಟ್ಟು ನೋಡಿಬರುವ ಯೋಗ ಎಲ್ಲರಿಗೂ ಒದಗುವುದಿಲ್ಲ. ನನಗೆ ಎಪ್ಪತ್ತೈದನೆಯ ವಯಸ್ಸಿನಲ್ಲಿ ಒದಗಿತು. ಈಚೆಗೆ ನಮ್ಮ ದೊಡ್ಡ ಊರುಗಳಲ್ಲೆಲ್ಲ ಹಳೆಯ ಪೇಟೆಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಪರಿಪಾಠ ಬೆಳೆದಿದೆ. ಬೆಳಗಿನ ತಂಪಿನಲ್ಲಿ ಹತ್ತು ಹದಿನೈದು ಮಂದಿ ಒಂದೆಡೆ ಸೇರುತ್ತಾರೆ; ತಿಳಿದವರೊಬ್ಬರು ಮುಂದೆ ನಡೆಯುತ್ತ, ಇದು ಇಂಥ ಗುಡಿ, ಇದು ಇಂಥ ಕಾಲದ ಮನೆ ಎಂದು ಹೇಳುತ್ತಾರೆ; ಉಳಿದವರು ಕತ್ತೆತ್ತಿ ನೋಡುತ್ತ ಹಿಂಬಾಲಿಸುತ್ತಾರೆ. ನನ್ನ ಹುಟ್ಟುಹಬ್ಬದ ಉಡುಗೊರೆಯೆಂದು ಮಗಳು ಬೆಂಗಳೂರು ಪೇಟೆಯ ಇಂಥದೊಂದು ನಡಿಗೆಗೆ ನನ್ನ ಹೆಸರು ಬರೆಸಿದಳು. "ನಾನು ಹುಟ್ಟಿದ್ದೇ ಅಲ್ಲಿ. ನನಗೆ ತೋರಿಸುವುದೇನಿದೆ?" ಎಂದೆ. "ನೋಡದೆ ಎಷ್ಟು ವರ್ಷವಾಯಿತು, ಹೇಳಿ" ಎಂದಳು. ಉತ್ತರ ಹೇಳಲು ನನಗೆ ಧೈರ್ಯವಾಗಲಿಲ್ಲ.

ಭಾನುವಾರ ಜಯನಗರದಲ್ಲಿ ಮೆಟ್ರೋ ಹತ್ತಿ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದೆ. ವಾಸ್ತುಶಿಲ್ಪ ಓದಿದ ಒಬ್ಬ ತರುಣಿ ನಮ್ಮನ್ನು ಕೋಟೆಯ ದೆಹಲಿ ಬಾಗಿಲಿನ ಹತ್ತಿರ ನಿಲ್ಲಿಸಿ ಮಾತು ಆರಂಭಿಸಿದಳು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಿಂದ ಕಟ್ಟಿಸಿದ್ದು, 1791ರ ಮಾರ್ಚಿ 21ರಂದು ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿದ್ದು, ಒಡೆದ ಜಾಗವನ್ನು ಅಮೃತಶಿಲೆಯ ಫಲಕವೊಂದು ಇಂದಿಗೂ ಗುರುತಿಸುತ್ತಿರುವುದು, ಎಲ್ಲವನ್ನೂ ಸೊಗಸಾಗಿ ಹೇಳಿದಳು. ಬಾಲ್ಯದಲ್ಲಿ ಆ ಗೋಡೆಯ ಬಳಿ ಎಷ್ಟೋ ಸಲ ಓಡಾಡಿದವನು ನಾನು. ಫಲಕದ ಮೇಲೆ ಏನು ಬರೆದಿದೆಯೆಂದು ಒಮ್ಮೆಯೂ ಓದಿರಲಿಲ್ಲ.

ಅಲ್ಲಿಂದ ಅವೆನ್ಯೂ ರಸ್ತೆಗೆ ಬಂದೆವು. ಅದು ಹಿಂದಿನ ದೊಡ್ಡಪೇಟೆ. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಲ್ಲಿ 1537ರಲ್ಲಿ ನಾಲ್ಕು ನೇಗಿಲಿಗೆ ಎತ್ತು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರೆಂಬ ಐತಿಹ್ಯವನ್ನು ಆಕೆ ಹೇಳುವಾಗ, ಕೈಗಾಡಿಯವನೊಬ್ಬ "ದಾರಿ, ದಾರಿ" ಎಂದು ಕೂಗುತ್ತ ನಮ್ಮನ್ನು ಎರಡು ಪಾಲು ಮಾಡಿ ಹೊರಟುಹೋದ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ—ಆ ಹೆಸರುಗಳನ್ನು ಮತ್ತೊಬ್ಬರ ಬಾಯಲ್ಲಿ ಒಟ್ಟಿಗೆ ಕೇಳಿದಾಗ, ಇವು ವಿಳಾಸಗಳಲ್ಲ, ಕಸುಬುಗಳ ಪಟ್ಟಿ ಎಂಬುದು ನನಗೆ ಮೊದಲ ಸಲ ಹೊಳೆಯಿತು.

ನಾನು ಹೇಳಹೊರಟ ಸಂಗತಿ ನಡೆದದ್ದು ಇದಾದ ಮೇಲೆ, ಒಂದು ಗಲ್ಲಿಯಲ್ಲಿ. ನಾಲ್ಕಂತಸ್ತಿನ ಎರಡು ಕಟ್ಟಡಗಳ ನಡುವೆ ಹಳೆಯ ಮನೆಯೊಂದು ಸಿಕ್ಕಿಹಾಕಿಕೊಂಡಂತೆ ನಿಂತಿತ್ತು. ಮರದ ಕಂಬಗಳ ಜಗಲಿ, ಕೆತ್ತನೆಯ ಬೋದಿಗೆ, ಮೇಲೆ ಹೆಂಚು. ಎಲ್ಲರೂ ಚಿತ್ರ ತೆಗೆದುಕೊಂಡರು. "ಇಂಥವು ವರ್ಷಕ್ಕೆ ವರ್ಷ ಕಡಿಮೆಯಾಗುತ್ತಿವೆ" ಎಂದು ತರುಣಿ ನಿಟ್ಟುಸಿರಿಟ್ಟಳು. ನಮ್ಮ ಪೈಕಿ ಒಬ್ಬ ಯುವಕ, "ಕೆಡವುವವರಿಗೆ ಶಿಕ್ಷೆ ವಿಧಿಸಬೇಕು" ಎಂದ. ಹಲವರು ತಲೆದೂಗಿದರು. ನಾನೂ ತಲೆದೂಗಿದೆ.

ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ವೃದ್ಧರು ತಲೆಯೆತ್ತಿದರು. ಸಿಟ್ಟಾಗಲಿಲ್ಲ. "ಮಳೆಗಾಲದಲ್ಲಿ ಬನ್ನಿ, ಅಟ್ಟ ಹತ್ತಿಸಿ ತೋರಿಸುತ್ತೇನೆ. ಎಷ್ಟು ಪಾತ್ರೆ ಇಟ್ಟಿದ್ದೇವೆಂದು ಎಣಿಸುವಿರಂತೆ" ಎಂದರು. ಎಲ್ಲರೂ ನಕ್ಕರು. ಗುಂಪಿನಲ್ಲಿ ತಮ್ಮ ವಯಸ್ಸಿನವನು ನಾನೊಬ್ಬನೇ ಎಂದು ಕಂಡಿರಬೇಕು, "ತಾವು ಎಲ್ಲಿಯವರು?" ಎಂದು ಕೇಳಿದರು. "ಜಯನಗರ" ಎಂದೆ.

ಅದು ಸುಳ್ಳಲ್ಲ. ಆದರೆ ಅಲ್ಲಿಂದ ಮೂರು ತಿರುವು ದಾಟಿದರೆ ನಮ್ಮ ಮನೆಯಿತ್ತು. ಅದಕ್ಕೂ ಹೀಗೆಯೇ ಮರದ ಕಂಬಗಳು, ಒಟ್ಟು ಎಂಟು. ತಂದೆ ತೀರಿಕೊಂಡ ಮೇಲೆ 1984ರಲ್ಲಿ ಅಣ್ಣತಮ್ಮಂದಿರು ನಾಲ್ವರೂ ಕೂಡಿ ಅದನ್ನು ಮಾರಿದೆವು. ಕೊಂಡವರು ಕೆಡವಿ ಮಳಿಗೆ ಕಟ್ಟುತ್ತಾರೆಂದು ಗೊತ್ತಿತ್ತು. ಕಂಬಗಳನ್ನು ಮಾತ್ರ ಬೇರೆ ಮಾಡಿ ಹಳೆಮರದ ವ್ಯಾಪಾರಿಗೆ ಕೊಟ್ಟೆವು. ನನ್ನ ಪಾಲಿಗೆ ಬಂದ ಹಣದಿಂದಲೇ ಜಯನಗರದ ಮನೆ ಆಯಿತು; ಗಾಳಿ, ಬೆಳಕು, ಮುಂದೆ ಒಂದು ಸಂಪಿಗೆ ಗಿಡ. ಹೀಗೆ ಕೆಡವಿದ ಲಾಭವನ್ನು ನಾಲ್ಕು ದಶಕ ಅನುಭವಿಸಿದವನು ನಾನು. ಕೆಡವದೆ ಉಳಿದ ಮನುಷ್ಯನ ಮುಂದೆ ನಿಂತು, ಕೆಡವುವವರನ್ನು ಶಿಕ್ಷಿಸಬೇಕೆಂಬ ಮಾತಿಗೆ ತಲೆದೂಗಿದ್ದೆ.

ಬಿಟ್ಟುಹೋದವನಿಗೆ, ಉಳಿದವನನ್ನು "ಇದನ್ನು ಕಾಪಾಡು" ಎಂದು ಕೇಳುವ ಹಕ್ಕಿದೆಯೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಯಾವ ಹಕ್ಕೂ ಇಲ್ಲ, ಮನೆ ಅವರದು, ಇಷ್ಟ ಅವರದು ಎಂದು ಹೇಳಿಬಿಡುವುದು ಸುಲಭ. ಆದರೆ ವಿಚಾರಮಾಡಿ ನೋಡಿದರೆ ಈ ಮಾತು ಅಷ್ಟು ಗಟ್ಟಿಯಲ್ಲ. ಮನೆಯ ಒಳಗು ಮನೆಯವರದು, ಮುಖ ಬೀದಿಯದು. ನಮ್ಮ ಜಗಲಿಯ ಮೇಲೆ ಎಷ್ಟು ಜನ ದಾರಿಹೋಕರು ಮಳೆಗೆ ನಿಂತಿಲ್ಲ! ಅವರಿಗೂ ಆ ಜಗಲಿಯಲ್ಲಿ ಏನೋ ಒಂದು ಪಾಲಿತ್ತು. ನಾವು ಮಾರಿದಾಗ ಅದನ್ನೂ ಸೇರಿಸಿ ಮಾರಿದೆವು. ಅವರನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಕಾನೂನು ಮಾಡಿ ಉಳಿಸೋಣವೆ? ಸ್ಮಾರಕಗಳಿಗೆ 1958ರ ಕಾಯಿದೆಯಿದೆ. 2010ರಲ್ಲಿ ಅದಕ್ಕೆ ತಿದ್ದುಪಡಿಯಾದಾಗಿನಿಂದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನು 200 ಮೀಟರು ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಪೇಟೆಯ ಅಂಚಿನಲ್ಲಿರುವ ಕೋಟೆ, 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆ, ಎರಡೂ ಇಂಥ ಸ್ಮಾರಕಗಳೇ. ನಿಯಮ ಒಳ್ಳೆಯದೆಂದೇ ನನ್ನ ಭಾವನೆ. ಆದರೆ ಅರಮನೆಯನ್ನು ನೋಡಿ ಸಂತೋಷಪಡುವವರು ಊರಿನವರೆಲ್ಲ. ಕಟ್ಟದೆ ಕೂರುವವರು ಸುತ್ತಲಿನ ಕೆಲವರು.

ಇನ್ನೊಂದು ಮುಖವನ್ನೂ ಮರೆಯಬಾರದು. ಮೈಸೂರಿನಲ್ಲಿ 1892ರಷ್ಟು ಹಳೆಯದಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಹಳೆಯ ಕಟ್ಟಡಕ್ಕೆ ಅಂದವಿರುವಂತೆ ಭಾರವೂ ಇದೆ. ಅಂದ ಎದುರು ನಿಂತವನಿಗೆ. ಭಾರ ಕೆಳಗೆ ಕೂತವನಿಗೆ. ಹಿಂದಿನವರೇನೂ ಎಲ್ಲವನ್ನೂ ಉಳಿಸಲಿಲ್ಲ. ಕೋಟೆಯ ಬಹುಪಾಲು ಹೋಯಿತು. ಸಿದ್ಧಿಕಟ್ಟೆಯಿದ್ದ ಜಾಗದಲ್ಲಿ 1921ರಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದಿತು. ಆ ಮಾರುಕಟ್ಟೆಯನ್ನೇ ಇಂದು ನಾವು ಪರಂಪರೆಯೆಂದು ತೋರಿಸುತ್ತೇವೆ.

ಅಂದಮೇಲೆ ದಾರಿಯೇನು? ಭಾರವನ್ನು ಹಂಚಿಕೊಳ್ಳುವ ಕ್ರಮಗಳನ್ನು ಕೆಲವು ಊರುಗಳು ಹುಡುಕಿವೆ. ಮುಂಬಯಿಯಲ್ಲಿ 1995ರ ನಿಯಮಗಳು ಪಾರಂಪರಿಕ ಕಟ್ಟಡದ ಒಡೆಯನಿಗೆ, ತಾನು ಅಲ್ಲಿ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿಕೊಳ್ಳುವ ಅವಕಾಶ ಕೊಟ್ಟವು. ಅಹಮದಾಬಾದಿನಲ್ಲಿ ನಗರಸಭೆಯೇ 1997ರಲ್ಲಿ ಹಳೆಯ ಊರಿನ ನಡಿಗೆಯನ್ನು ಆರಂಭಿಸಿತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಹೊರಟು ಜುಮ್ಮಾ ಮಸೀದಿಯಲ್ಲಿ ಮುಗಿಯುವ ದಾರಿ ಅದು. 2017ರಲ್ಲಿ ಆ ಊರು ವಿಶ್ವ ಪರಂಪರೆಯ ನಗರವೆನಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದೇ. ನೋಡುವವರು ಬಂದದ್ದರಿಂದ ಮನೆಯವರಿಗೂ ತಮ್ಮ ಮನೆಯ ಬೆಲೆ ತಿಳಿಯಬಹುದೆಂದು ಇಂಥ ನಡಿಗೆಗಳನ್ನು ನಡೆಸುವವರು ಹೇಳುತ್ತಾರೆ. ಅದು ನಿಜವಿರಬಹುದು. ಆದರೆ ಬೆಲೆ ತಿಳಿದ ಮಾತ್ರಕ್ಕೆ ಸೂರು ಸೋರುವುದು ನಿಲ್ಲುವುದಿಲ್ಲ.

ನೋಟವನ್ನು ನಾವು ಪುಕ್ಕಟೆಯೆಂದು ತಿಳಿದಿದ್ದೇವೆ. ಮರವನ್ನೋ ಬೆಟ್ಟವನ್ನೋ ನೋಡುವಾಗ ಅದು ಸರಿ. ಮತ್ತೊಬ್ಬನು ದಿನವೂ ಕಸ ಗುಡಿಸಿ, ಹೆಂಚು ಸರಿಪಡಿಸಿ, ಮಾರಿದರೆ ಬರುವ ಹಣವನ್ನು ಬೇಡವೆಂದು ಉಳಿಸಿದ್ದನ್ನು ನೋಡುವಾಗ ನಾವು ಏನನ್ನೋ ಅವನಿಂದ ಪಡೆಯುತ್ತೇವೆ, ಪಡೆದಮೇಲೆ ಋಣವಾಯಿತು. "ಉಳಿಸು" ಎಂದು ಕೇಳುವ ಹಕ್ಕು ಇಲ್ಲವೆಂದಲ್ಲ. ಋಣದಲ್ಲಿ ತನ್ನ ಪಾಲು ಹೊರಲು ಸಿದ್ಧನಾದವನಿಗೆ ಆ ಹಕ್ಕಿದೆ. ತೆರಿಗೆಯ ರೂಪದಲ್ಲಾಗಲಿ, ನಡಿಗೆಯ ಶುಲ್ಕದಲ್ಲಿ ಒಂದು ಭಾಗ ಆ ಬೀದಿಯ ಸೂರಿಗೆ ಮೀಸಲಾಗುವುದರಿಂದಾಗಲಿ, ಹೇಗಾದರೂ ಆಗಲಿ. ಹೊರಲಾರದವನು ಮೆಚ್ಚಬಹುದು, ಮರುಗಬಹುದು, ಬಯ್ಯುವಂತಿಲ್ಲ. ನನ್ನಂತೆ ತನ್ನ ಪಾಲನ್ನು ಮಾರಿಕೊಂಡವನು ಕಡೆಯ ಪಕ್ಷ ಅದನ್ನು ಬಾಯಿಬಿಟ್ಟು ಹೇಳಬೇಕು.

ಮಾರಿದ್ದು ತಪ್ಪಾಯಿತೆ ಎಂದು ವಾಚಕರು ಕೇಳಬಹುದು. ನಾಲ್ಕು ಸಂಸಾರ, ಒಂದೇ ಬಚ್ಚಲು. ಮಾರದೆ ನಮಗೆ ಬೇರೆ ಗತಿಯಿರಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕಲ್ಲ. ತಲೆದೂಗಿದ್ದಕ್ಕೆ, "ಜಯನಗರ" ಎಂದಷ್ಟೇ ಹೇಳಿದ್ದಕ್ಕೆ.

ಮುಂದಿನ ಭಾನುವಾರ ಒಬ್ಬನೇ ಹೋದೆ. ವೃದ್ಧರು ಅದೇ ಜಗಲಿಯ ಮೇಲೆ, ಅದೇ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನ ಗುರುತು ಸಿಕ್ಕಿತು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ: ಗಲ್ಲಿಯ ಹೆಸರು, ತಂದೆಯ ಹೆಸರು, ಮಾರಿದ ವರ್ಷ. ನಮ್ಮ ತಂದೆಯನ್ನು ಆತ ಬಲ್ಲರಂತೆ. ಬೇಸರವನ್ನೂ ತೋರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಬಗಳು ಎಷ್ಟಕ್ಕೆ ಹೋದವು?" ಎಂದು ಕೇಳಿದರು.

"ಒಂದೊಂದಕ್ಕೆ ನೂರೈವತ್ತು ರೂಪಾಯಿ" ಎಂದೆ.

ಆತ ತಾವು ಒರಗಿದ್ದ ಕಂಬವನ್ನು ಒಮ್ಮೆ ಅಂಗೈಯಿಂದ ಸವರಿದರು.

"ಕಡಿಮೆಗೆ ಕೊಟ್ಟುಬಿಟ್ಟಿರಿ" ಎಂದರು. ಆಮೇಲೆ ಒಳಕ್ಕೆ ತಿರುಗಿ, ಇಬ್ಬರಿಗೆ ಕಾಫಿ ತರುವಂತೆ ಕೂಗಿ ಹೇಳಿದರು.